ಖೋಕಾ

(ಆಕಾಶವಾಣಿ ಭಾಷಣ)



ಮೂವತ್ತಮೂರು ವರ್ಷ ಪಂಪ, ರನ್ನ, ಹರಿಹರರನ್ನು ಪಾಠ ಹೇಳಿ ನಿವೃತ್ತನಾದ ಕನ್ನಡ ಮಾಸ್ತರನೊಬ್ಬ ಬಂದೂಕಿನ ಖಾಲಿ ಕಾಡತೂಸಿನ ವಿಷಯವಾಗಿ ಮಾತನಾಡುತ್ತೇನೆಂದಾಗ ಆಕಾಶವಾಣಿಯ ಮಿತ್ರರು ಒಂದು ಕ್ಷಣ ನನ್ನ ಮುಖ ನೋಡಿದರು. ಈಗ ನೀವೂ ಹಾಗೆಯೆ ನಿಮ್ಮ ರೇಡಿಯೋದ ಕಡೆಗೆ ನೋಡುತ್ತಿರಬಹುದು. ಬೇಟೆಯ ಕಥೆ ಹೇಳಲು ನಾನು ಬಂದಿಲ್ಲ. ಯುದ್ಧದ ಕಥೆಯಂತೂ ಅಲ್ಲವೇ ಅಲ್ಲ. ಗುರಿಗೆ ಗುಂಡು ಹೊಡೆಯುವ ಕ್ರೀಡೆಯಲ್ಲಿ ಗುಂಡು ಹೋದ ಮೇಲೆ ಹಿಂದೆ ಉಳಿಯುವ ಹಿತ್ತಾಳೆಯ ಪುಟ್ಟ ಕೊಳವೆಯೊಂದಿದೆ. ಅದನ್ನು ಎತ್ತಿಡುವ, ಎಣಿಸುವ, ವಿಂಗಡಿಸಿ ಕಾಪಾಡುವ ಕೆಲಸದ ಬಗ್ಗೆ ಇಂದಿನ ಮಾತು.

ನಮ್ಮ ಮನೆ ಇರುವುದು ಕಲಬುರ್ಗಿಯ ಸ್ಟೇಶನ್ ಬಜಾರಿನಲ್ಲಿ. ಹಗಲೆಲ್ಲ ಇಲ್ಲಿ ಕಬ್ಬಿಣ, ತಗಡು, ತಾಮ್ರ, ಹಿತ್ತಾಳೆಗಳ ಸದ್ದು ಇದ್ದೇ ಇರುತ್ತದೆ. ಉಳಿದ ಸದ್ದುಗಳಿಗೆ ನನ್ನ ಕಿವಿ ಒಗ್ಗಿಹೋಗಿದೆ. ಆದರೆ ಹಗುರವಾದ ಹಿತ್ತಾಳೆಯ ತುಣುಕೊಂದು ಕಲ್ಲಿನ ಮೇಲೆ ಬಿದ್ದು ಎರಡು ಸಲ ಪುಟಿದರೆ ಈ ವಯಸ್ಸಿನಲ್ಲಿಯೂ ನಾನು ನಿಂತು ಕೆಳಗೆ ನೋಡುತ್ತೇನೆ. ಅದಕ್ಕೆ ಕಾರಣವೇನೆಂಬುದನ್ನು ಕೊನೆಗೆ ಹೇಳುತ್ತೇನೆ.

ಮೊದಲು ಮಾತಿನ ಮಾತು. ಮಾಸ್ತರನಿಗೆ ಅದು ಬಿಡದ ಚಟ. ಕೋವಿ ಎಂಬುದು ಅಚ್ಚಗನ್ನಡ. ಕೊಳವೆ ಎಂದೇ ಅದರ ಅರ್ಥ. ತುಪಾಕಿ ತುರ್ಕಿಯಿಂದ ಪಾರಸಿಯ ಮೂಲಕ ಬಂದದ್ದು. ಬಂದೂಕು ಅರಬ್ಬಿಯ ನೆಲೆಯದು. ಕಾಡತೂಸು ಪೋರ್ಚುಗೀಸರ ಬಾಯಿಂದ ಇಳಿದು, ನಮ್ಮ ನಾಲಗೆಯಲ್ಲಿ ‘ಕಾಡು’ ಸೇರಿಸಿಕೊಂಡು ನಮ್ಮದೇ ಆಗಿಹೋಯಿತು. ಗುಂಡು ಹಾರಿದ ನಂತರ ಉಳಿಯುವ ಬರಿದಾದ ಕೊಳವೆಗೆ ಮಾತ್ರ ದಂಡಿನವರು, ಪೊಲೀಸರು, ನಮ್ಮ ಎನ್.ಸಿ.ಸಿ. ಹುಡುಗರು ಎಲ್ಲರೂ ಹೇಳುವ ಮಾತು ಒಂದೇ: ಖೋಕಾ. ಪೊಳ್ಳು ಎಂಬ ಅರ್ಥದ ಹಿಂದಿ ಮಾತಿನ ನಂಟು ಅದಕ್ಕಿದೆ. ಪುಸ್ತಕದ ಕನ್ನಡದಲ್ಲಿ ‘ಕಾಡತೂಸಿನ ಕವಚ’ ಎಂದು ಬರೆಯಬಹುದು. ಚಾಂದಮಾರಿಯ ಬಯಲಿನಲ್ಲಿ, ಎಂದರೆ ಗುರಿ ಹೊಡೆಯುವ ಅಭ್ಯಾಸದ ಬಯಲಿನಲ್ಲಿ, ನಿಂತು ಹಾಗೆಂದರೆ ಯಾರೂ ತಿರುಗಿ ನೋಡುವುದಿಲ್ಲ. ಆದುದರಿಂದ ನಾನೂ ಖೋಕಾ ಎಂದೇ ಹೇಳುತ್ತೇನೆ.

ಎನ್.ಸಿ.ಸಿ. ನಮ್ಮ ದೇಶದಲ್ಲಿ ಆರಂಭವಾದದ್ದು 1948ರಲ್ಲಿ. ಚೀನದೊಡನೆ ಯುದ್ಧವಾದ ಮರುವರ್ಷ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಅದು ಕಡ್ಡಾಯವಾಯಿತು. 1968ರಲ್ಲಿ ಆ ಕಡ್ಡಾಯ ಹೋಯಿತು. ನಾನು ಕಾಲೇಜು ಮೆಟ್ಟಿಲು ಹತ್ತಿದ್ದು ಅದಾದ ಹತ್ತು ವರ್ಷಕ್ಕೆ. ವಿದ್ಯಾರ್ಥಿಯಾಗಿ ನಾನು ಖಾಕಿ ತೊಟ್ಟವನಲ್ಲ. ಅಧ್ಯಾಪಕನಾದ ಎರಡನೆಯ ವರ್ಷ, ಆ ಹೊಣೆ ಹೊತ್ತಿದ್ದ ಹಿರಿಯರು ವರ್ಗವಾಗಿ ಹೋದರೆಂದು, ಬೇರೆ ಯಾರೂ ಒಪ್ಪಲಿಲ್ಲವೆಂದು, ಪ್ರಾಚಾರ್ಯರು ನನ್ನನ್ನು ಹಿಡಿದರು. ನಾಗಪುರದ ಬಳಿಯ ಕಾಮಠಿಯಲ್ಲಿರುವ ತರಬೇತಿ ಅಕಾಡೆಮಿಗೆ ಹೋಗಿ, ಹಳಗನ್ನಡ ಓದಿದ ಕೈಯಲ್ಲಿ ಬಂದೂಕು ಬಿಚ್ಚಿ ಜೋಡಿಸುವುದನ್ನು ಕಲಿತು ಬಂದೆ. ಗುರಿಕಾರನಾದೆನೆಂದು ಹೇಳಿದರೆ ಅಂದಿನ ನನ್ನ ವಿದ್ಯಾರ್ಥಿಗಳು ನಕ್ಕಾರು. ಲೆಕ್ಕವಿಡುವುದನ್ನು ಮಾತ್ರ ಕಲಿತೆ.

ಆ ಲೆಕ್ಕದ ನಿಯಮ ಸರಳ. ಕೋತಿನಿಂದ, ಅಂದರೆ ಆಯುಧಕೋಣೆಯಿಂದ, ಇನ್ನೂರು ಕಾಡತೂಸು ಹೊರಟರೆ ಸಂಜೆಗೆ ಇನ್ನೂರೇ ಮರಳಬೇಕು: ಹಾರಿದ್ದು ಖೋಕಾ ಆಗಿ, ಹಾರದೆ ಉಳಿದದ್ದು ಇಡಿಯಾಗಿ, ಹೊಡೆದರೂ ಸಿಡಿಯದ್ದು ಬೇರೆ ಚೀಲದಲ್ಲಿ. ಒಂದು ಕಡಿಮೆಯಾದರೆ ಯಾರೂ ಬಯಲು ಬಿಟ್ಟು ಹೋಗುವಂತಿಲ್ಲ. ಎಣಿಕೆ ತಪ್ಪದಿರಲೆಂದು ನಮ್ಮ ಹವಾಲ್ದಾರ ಉಸ್ತಾದರು ಸಾಗವಾನಿಯ ಹಲಗೆಯೊಂದನ್ನು ಇಟ್ಟುಕೊಂಡಿದ್ದರು. ಅಳಗುಳಿಮಣೆಯ ಹಾಗೆ ಅದರಲ್ಲಿ ಕುಳಿಗಳು. ಹತ್ತು ಸಾಲು, ಸಾಲಿಗೆ ಹತ್ತು. ಖೋಕಾಗಳನ್ನು ಬಾಯಿ ಮೇಲಾಗಿ ಒಂದೊಂದು ಕುಳಿಯಲ್ಲಿ ನಿಲ್ಲಿಸಿದರೆ ಹಲಗೆ ತುಂಬಿದಾಗ ನೂರು. ಬೆರಳು ಮಡಿಚಿ ಎಣಿಸಬೇಕಾಗಿಲ್ಲ. ಕಣ್ಣು ಹಾಯಿಸಿದರೆ ಸಾಕು. ತುಂಬಿದ ಹಲಗೆಯನ್ನು ಚೀಲದೊಳಗೆ ಮಗುಚಿ ಮತ್ತೆ ಮೊದಲಿನಿಂದ ತುಂಬುವುದು.

ನಮ್ಮ ಹುಡುಗರು ಹೊಡೆಯುತ್ತಿದ್ದುದು ಪಾಯಿಂಟ್ 22 ಬಂದೂಕು, 25 ಗಜ ದೂರದ ಗುರಿಗೆ, ತಲೆಗೆ ಐದು ಗುಂಡು. ಈ ಚಿಕ್ಕ ಕಾಡತೂಸಿನ ಖೋಕಾ ಮರಳಿ ಬಳಕೆಗೆ ಬರುವುದಿಲ್ಲ. ಕಿಡಿಯೇಳಿಸುವ ಮದ್ದು ಅದರ ಬುಡದ ಅಂಚಿನ ಮಡಿಕೆಯೊಳಗೇ ಇರುತ್ತದೆ. ಬಂದೂಕಿನ ಮೊಳೆ ಆ ಅಂಚನ್ನು ಜಜ್ಜಿದಾಗ ಅದು ಸಿಡಿಯುತ್ತದೆ. ಜಜ್ಜಿದ ಅಂಚನ್ನು ಮತ್ತೆ ನೆಟ್ಟಗೆ ಮಾಡುವಂತಿಲ್ಲ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದದ್ದೂ ಇದೇ ಜಾತಿಯ ಕಾಡತೂಸಿನಿಂದ, 50 ಮೀಟರ್ ದೂರಕ್ಕೆ. ಆತ ಆಗ ಮಧ್ಯ ರೈಲ್ವೆಯ ಟಿಕೇಟು ತಪಾಸಣೆಯ ನೌಕರನಾಗಿದ್ದ. ನಮ್ಮ ಸ್ಟೇಶನ್ನೂ ಅದೇ ರೈಲ್ವೆಯದಾದ್ದರಿಂದ ಅಂದು ಸಂಜೆ ಸ್ಟೇಶನ್ ಬಜಾರಿನ ಚಹಾದ ಅಂಗಡಿಯಲ್ಲಿ ನಾನು ಇಲ್ಲದ ಹಕ್ಕಿನಿಂದ ಹೆಮ್ಮೆಪಟ್ಟೆ.

ದೂರದ ಗುರಿಯ ದೊಡ್ಡ ಬಂದೂಕುಗಳ ಮಾತು ಬೇರೆ. ಅವುಗಳ ಖೋಕಾದ ಬುಡದ ನಡುವೆ ಕಿಡಿಯ ಪುಟ್ಟ ಟೋಪಿಯೊಂದು ಪ್ರತ್ಯೇಕವಾಗಿ ಕುಳಿತಿರುತ್ತದೆ. ಹಾರಿದ ಮೇಲೆ ಹಳೆಯ ಟೋಪಿಯನ್ನು ತಳ್ಳಿ ಹೊಸದನ್ನು ಕೂರಿಸಬಹುದು. ಹೀಗಾಗಿ ಒಂದೇ ಹಿತ್ತಾಳೆ ಹಲವು ಬಾರಿ ಹುಟ್ಟಿಬರುತ್ತದೆ. 1857ರ ದಂಗೆಯ ಕಾಲದ ಕಾಡತೂಸು ಕಾಗದದ್ದು. ಹಲ್ಲಿನಿಂದ ಹರಿಯಬೇಕಾಗಿದ್ದ ಆ ಕೊಬ್ಬು ಸವರಿದ ಕಾಗದ ಎಂಥ ಕಿಚ್ಚು ಹಚ್ಚಿತೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಹಿತ್ತಾಳೆ ಬಂದದ್ದು ಅದರ ಮುಂದಿನ ದಶಕದಲ್ಲಿ. ಆಗ ಇಂಗ್ಲೆಂಡಿನ ಬಾಕ್ಸರ್ ಎಂಬ ಅಧಿಕಾರಿ ಒಂದು ಬಗೆಯ ಟೋಪಿಯನ್ನೂ ಅಮೆರಿಕದ ಬರ್ಡನ್ ಇನ್ನೊಂದು ಬಗೆಯದನ್ನೂ ಮಾಡಿದರು. ವಿನೋದವೆಂದರೆ, ಇಂಗ್ಲಿಷನದು ಅಮೆರಿಕದಲ್ಲಿ ಬೇರೂರಿತು, ಅಮೆರಿಕನದು ಇಂಗ್ಲೆಂಡು ಯೂರೋಪುಗಳಲ್ಲಿ ನೆಲೆಸಿತು. ಮರುಬಳಕೆಗೆ ಸುಲಭವಾದದ್ದು ಬಾಕ್ಸರನದು, ಏಕೆಂದರೆ ಅದರ ಕಿಡಿಯ ರಂಧ್ರ ನಟ್ಟನಡುವೆ ಒಂದೇ ಇದೆ. ಒಳಗಿನಿಂದ ಸೂಜಿ ಇಳಿಸಿ ಹಳೆಯ ಟೋಪಿಯನ್ನು ಕೆಡವಬಹುದು. ಬರ್ಡನನದರಲ್ಲಿ ರಂಧ್ರ ಎರಡು, ನಡುವೆ ಗಟ್ಟಿ. ಹಳೆಯ ಪಾಯಿಂಟ್ 303 ಬಂದೂಕಿಗೆಂದು ಖಡಕಿಯಲ್ಲಿ ತಯಾರಾದ ಖೋಕಾಗಳ ಬುಡದಲ್ಲಿ ‘ಕೆಎಫ್’ ಎಂಬ ಅಕ್ಷರಗಳೂ ಇಸವಿಯೂ ಇರುತ್ತಿದ್ದುವು. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ನನಗೆ ಕಂಡದ್ದು ತೇದಿಯುಳ್ಳ ಶಾಸನ. ಎಲ್ಲಿಯದು, ಯಾವಾಗಿನದು ಎರಡೂ ಬರೆದಿದೆ.

ಈ ಹಿತ್ತಾಳೆ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತು. ಬಿಲ್ಲೆಯೊಂದನ್ನು ಬಟ್ಟಲಾಗಿ ಒತ್ತಿ, ಬಟ್ಟಲನ್ನು ಹಂತಹಂತವಾಗಿ ಎಳೆದು ಕೊಳವೆ ಮಾಡುತ್ತಾರೆ. ಎಳೆದಂತೆಲ್ಲ ಅದು ಬಿರುಸಾಗುತ್ತದೆ. ಆದುದರಿಂದ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಇದನ್ನು ಅಲಕ್ಷಿಸಿದರೆ ಏನಾಗುತ್ತದೆಂಬುದನ್ನು ಲೋಕಕ್ಕೆ ಕಲಿಸಿದ್ದು ನಮ್ಮ ದೇಶದ ಮಳೆಗಾಲ. ಬ್ರಿಟಿಷರ ದಂಡುಗಳಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳ ಆಸುಪಾಸಿನಲ್ಲಿ ಇಡುತ್ತಿದ್ದರು. ಮಳೆಗಾಲ ಬಂತೆಂದರೆ ಯಾರೂ ಮುಟ್ಟದಿದ್ದರೂ ಹಿತ್ತಾಳೆ ತಾನಾಗಿಯೆ ಸೀಳು ಬಿಡುತ್ತಿತ್ತು. ಕಾಲಕ್ಕೆ ಸರಿಯಾಗಿ ಬರುವ ಬೇನೆಯೆಂದು ಇಂಗ್ಲಿಷಿನಲ್ಲಿ ಅದಕ್ಕೆ ‘ಋತುವಿನ ಬಿರುಕು’ ಎಂಬರ್ಥದ ಹೆಸರೇ ಬಿತ್ತು. ಕುದುರೆಯ ಗಂಜಲದಿಂದೇಳುವ ಅಮೋನಿಯ, ಮಳೆಗಾಲದ ತೇವ, ಎಳೆತದಿಂದ ಲೋಹದೊಳಗೆ ಉಳಿದುಕೊಂಡ ಬಿಗುಹು, ಈ ಮೂರೂ ಕೂಡಿದಾಗ ಬಿರುಕು ಹುಟ್ಟುತ್ತದೆಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ವಿವರಿಸಿದರು. ಹದವಾಗಿ ಕಾಯಿಸಿ ಬಿಗುಹು ಇಳಿಸಿದರೆ ಬಿರುಕಿಲ್ಲ. ನಮ್ಮ ನೆರೆಯ ಬೀದರಿನ ಬಿದರಿ ಕುಶಲಿಗ ಇದೇ ಸತು ತಾಮ್ರಗಳ ಇನ್ನೊಂದು ಬೆರಕೆಯ ಮೇಲೆ ಕೋಟೆಯ ಮಣ್ಣಿನೊಡನೆ ನವಸಾಗರ ಕಲಸಿ ಹಚ್ಚಿ ಕಪ್ಪು ಬಣ್ಣ ಬರಿಸುತ್ತಾನೆ. ನವಸಾಗರವೂ ಅಮೋನಿಯದ ಮನೆತನದ್ದೇ. ಅಲ್ಲಿ ಅಂದ, ಇಲ್ಲಿ ಕೇಡು.

ಖೋಕಾವನ್ನು ಮರುಬಳಸುವವರ ಶಿಸ್ತನ್ನು ನಾನು ಕಣ್ಣಾರೆ ಕಂಡದ್ದು ಬಹಳ ತಡವಾಗಿ, 2016ರಲ್ಲಿ, ಟೆಕ್ಸಾಸಿನಲ್ಲಿ. ನನ್ನ ತಂಗಿಯ ಮಗ ಅಲ್ಲಿದ್ದಾನೆ. ವಾರವೆಲ್ಲ ಕಂಪ್ಯೂಟರಿನ ಕೆಲಸ. ಶನಿವಾರ ಮಾತ್ರ 600 ಗಜದ ಗುರಿಗೆ ಗುಂಡು ಹೊಡೆಯುವ ಕ್ಲಬ್ಬು. ‘ಮಾಮಾ, ನೀವು ಎನ್.ಸಿ.ಸಿ. ನೋಡಿದವರು, ಬರ್ರಿ’ ಎಂದು ಕಾರು ನಿಲ್ಲಿಸುವ ಕೋಣೆಗೆ ಕರೆದೊಯ್ದ. ಗೋಡೆಯುದ್ದಕ್ಕೂ ಕಪಾಟು, ಅದರಲ್ಲಿ ಒಂದೇ ಅಳತೆಯ ಪೆಟ್ಟಿಗೆಗಳು, ಪ್ರತಿಯೊಂದರ ಮೇಲೂ ಚೀಟಿ. ಯಾವ ಬಂದೂಕಿನದು, ಯಾವ ಕಾರ್ಖಾನೆಯ ಯಾವ ಕಂತಿನದು, ಎಷ್ಟು ಸಲ ಹಾರಿದೆ, ಕುತ್ತಿಗೆ ಕಾಯಿಸಿದ್ದು ಯಾವಾಗ, ಉದ್ದ ಕತ್ತರಿಸಿದ್ದು ಯಾವಾಗ. ನಮ್ಮ ಹಸ್ತಪ್ರತಿ ಭಂಡಾರಗಳಲ್ಲಿ ಇಷ್ಟು ಅಚ್ಚುಕಟ್ಟಾದ ಚೀಟಿಗಳನ್ನು ಕಂಡ ನೆನಪು ನನಗಿಲ್ಲ.

ಇದೆಲ್ಲ ಏಕೆ ಬೇಕೆಂದು ಕೇಳಿದೆ. ಆತ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಗುಂಡು ಹಾರುವಾಗ ಒಳಗಿನ ಒತ್ತಡ ಚದರ ಅಂಗುಲಕ್ಕೆ 50 ಸಾವಿರ ಪೌಂಡನ್ನೂ ಮೀರಬಲ್ಲದು. ಹಿತ್ತಾಳೆ ಉಬ್ಬಿ ಬಂದೂಕಿನ ಗರ್ಭದ ಗೋಡೆಗೆ ಅಂಟಿ ಹೊಗೆ ಹಿಂದಕ್ಕೆ ಬಾರದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಆದರೆ ಉಬ್ಬಿದ ಆಕಾರವನ್ನು ಪೂರ್ತಿ ಬಿಡುವುದಿಲ್ಲ. ಅಂದರೆ, ಒಮ್ಮೆ ಹಾರಿದ ಖೋಕಾ ತಾನು ಹುಟ್ಟಿಬಂದ ಬಂದೂಕಿನ ಅಚ್ಚು. ಅದೇ ಬಂದೂಕಿಗೆ ಮರಳಿದರೆ ಸಲೀಸಾಗಿ ಕೂಡುತ್ತದೆ; ಬೇರೆ ಬಂದೂಕಿಗೆ ಹಾಕಿದರೆ ತಕರಾರು ಮಾಡುತ್ತದೆ. ಎರಡನೆಯದಾಗಿ, ಖೋಕಾದ ಗೋಡೆ ದಪ್ಪವಾದರೆ ಒಳಗಿನ ಅವಕಾಶ ಕಿರಿದು. ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು, ವೇಗ ಹೆಚ್ಚು. 25 ಗಜದಲ್ಲಿ ಇದು ತಿಳಿಯುವುದೇ ಇಲ್ಲ. 600 ಗಜದಲ್ಲಿ ಒಂದು ಗುಂಡು ಮೇಲೆ, ಒಂದು ಕೆಳಗೆ. ಆದುದರಿಂದ ಆತ ಒಂದೇ ಕಂತಿನ ಇನ್ನೂರು ಕೊಳ್ಳುತ್ತಾನೆ. ಅಂಥದೊಂದರ ತೂಕ ಸುಮಾರು 11 ಗ್ರಾಂ. ಒಂದೊಂದನ್ನೂ ತೂಗಿ, ತೀರ ಹೆಚ್ಚು ತೀರ ಕಡಿಮೆ ಇರುವುದನ್ನು ಅಭ್ಯಾಸದ ಪೆಟ್ಟಿಗೆಗೆ ಕಳಿಸಿ, ಉಳಿದದ್ದನ್ನು ಐವತ್ತರಂತೆ ಪಾಲು ಮಾಡುತ್ತಾನೆ.

ಈ ಪಾಲಿನ ಒಂದು ಕಟ್ಟಳೆ ನನಗೆ ತುಂಬ ಹಿಡಿಸಿತು. ಪೆಟ್ಟಿಗೆಯ ಐವತ್ತೂ ಮೊದಲ ಸಲ ಹಾರಿ ಮುಗಿಯುವ ತನಕ ಯಾವುದೂ ಎರಡನೆಯ ಸಲ ಹಾರುವಂತಿಲ್ಲ. ಒಂದು ಸಂಸಾರದ ಮಕ್ಕಳಿಗೆ ಊಟಕ್ಕಿಟ್ಟ ಹಾಗೆ. ಒಬ್ಬನಿಗೆ ಎರಡನೆಯ ತುತ್ತು ಬೀಳುವ ಮೊದಲು ಎಲ್ಲರಿಗೂ ಮೊದಲನೆಯದು ಬಿದ್ದಿರಬೇಕು. ಹಾರಿಸಿದ್ದನ್ನು ಪೆಟ್ಟಿಗೆಗೆ ಮರಳಿ ಇಡುವಾಗ ಬಾಯಿ ಕೆಳಗಾಗಿ ಇಡುತ್ತಾನೆ. ಮೇಲೆ ಬುಡ ಕಂಡರೆ ಹಾರಿದ್ದು, ಮೂತಿ ಕಂಡರೆ ಹಾರಬೇಕಾದದ್ದು. ಹಲವು ಬಾರಿ ಹಾರಿದ ಮೇಲೆ ಕುತ್ತಿಗೆ ಬಿರುಸಾಗಿ ಸೀಳುತ್ತದೆ. ಅದಕ್ಕೆ ಕುತ್ತಿಗೆಯನ್ನಷ್ಟೆ ಕಾಯಿಸಬೇಕು. ಬುಡಕ್ಕೆ ಬಿಸಿ ತಾಗಕೂಡದು, ತಾಗಿದರೆ ಮೆತ್ತಗಾಗಿ ಅಪಾಯ. ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರವೊಂದು ಮೂಡಿದರೆ ಅಲ್ಲಿ ಗೋಡೆ ತೆಳ್ಳಗಾಗಿದೆ ಎಂದರ್ಥ. ತುದಿ ಬಾಗಿಸಿದ ತಂತಿಯನ್ನು ಒಳಗಿಳಿಸಿ ಗೀರಿ ನೋಡುತ್ತಾನೆ. ತಂತಿ ತಡೆದರೆ ಆ ಖೋಕಾದ ಆಯುಸ್ಸು ಮುಗಿಯಿತು. ಪೆಟ್ಟಿಗೆಯಲ್ಲಿ ಎರಡು ಮೂರು ಹಾಗೆ ಕಂಡರೆ ಇಡೀ ಪೆಟ್ಟಿಗೆಯೇ ಗುಜರಿಗೆ. ‘ಎಲ್ಲಾ ಒಂದೇ ವಯಸ್ಸಿನವು ಮಾಮಾ, ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂದದ’ ಎಂದ.

ಮೂಲೆಯಲ್ಲಿ ಚೀಟಿಯಿಲ್ಲದ ಡಬ್ಬಿಯೊಂದಿತ್ತು. ಅದರಲ್ಲಿ ಹೊಚ್ಚಹೊಸತರಂತೆ ಹೊಳೆಯುವ ಖೋಕಾಗಳು. ಬಯಲಿನಲ್ಲಿ ಯಾರೋ ಬಿಟ್ಟುಹೋದದ್ದನ್ನು ಹೆಕ್ಕಿ ತಂದವಂತೆ. ಅವನ್ನು ಆತ ಮುಟ್ಟುವುದಿಲ್ಲ. ಎಷ್ಟು ಸಲ ಹಾರಿದ್ದೋ, ಯಾವ ಬಂದೂಕಿನಲ್ಲೋ ತಿಳಿಯದು; ಹೊಳಪನ್ನು ನಂಬುವಂತಿಲ್ಲ. ಗ್ರಂಥಸಂಪಾದನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಿಂದ ಬಂತು, ಯಾವ ಮಾತೃಪ್ರತಿಯಿಂದ ಇಳಿಯಿತು ಎಂಬುದು ತಿಳಿಯದ ಓಲೆಗರಿಯ ಕಟ್ಟು ಎಷ್ಟೇ ಶುದ್ಧವಾಗಿ ಕಂಡರೂ ಪಾಠ ನಿರ್ಣಯಿಸುವಾಗ ಅದನ್ನು ಪಕ್ಕಕ್ಕಿಡುತ್ತೇವೆ. ಹುಳು ತಿಂದ ಪ್ರತಿ ಅದಕ್ಕಿಂತ ಮೇಲು, ಅದರ ವಂಶ ತಿಳಿದಿದ್ದರೆ.

ನಮ್ಮ ದೇಶದಲ್ಲಿ ಇದು ಮನೆಯಲ್ಲಿ ಕುಳಿತು ಮಾಡುವ ಹವ್ಯಾಸವಲ್ಲವೆಂಬುದನ್ನು ಇಲ್ಲಿಯೆ ಹೇಳಿಬಿಡಬೇಕು. 1959ರ ಶಸ್ತ್ರಾಸ್ತ್ರ ಕಾಯಿದೆ ಮದ್ದುಗುಂಡಿನ ಬಿಡಿಭಾಗಗಳನ್ನೂ ಮದ್ದುಗುಂಡೆಂದೇ ಎಣಿಸುತ್ತದೆ. ಎಲ್ಲೋ ಖೋಕಾ ಬಿದ್ದದ್ದು ಕಂಡರೆ ಹುಡುಗರು ಅದನ್ನು ಜೇಬಿಗೆ ಹಾಕದೆ ಪೊಲೀಸರಿಗೆ ತಿಳಿಸುವುದೇ ಸರಿ. ಎಲ್ಲ ದೇಶದ ಗುರಿಕಾರರೂ ತಮ್ಮ ತಮ್ಮ ಪೆಟ್ಟಿಗೆ ಹೊತ್ತು ಬರುತ್ತಾರೆಂದೂ ತಿಳಿಯಬೇಡಿ. 1890ರಿಂದ ಇಂಗ್ಲೆಂಡಿನ ಬಿಸ್ಲೆಯಲ್ಲಿ ನಡೆದು ಬಂದಿರುವ ಪ್ರಸಿದ್ಧ ಪಂದ್ಯದಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾಡತೂಸನ್ನು ಅಲ್ಲಿಯೆ ಹಂಚುವ ಸಂಪ್ರದಾಯ ಬಹುಕಾಲದ್ದು. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ನನ್ನ ಸೋದರಳಿಯನಿಗೆ ಈ ಮಾತು ಅಷ್ಟು ಸೇರಲಿಲ್ಲ.

ಕೆಲಸ ಮುಗಿಸಿ ಆತ ಐವತ್ತು ಕುಳಿಗಳ ತನ್ನ ಹಲಗೆಯನ್ನು ಎತ್ತಿದ. ಅದರಲ್ಲಿ ಏನೂ ಇರಲಿಲ್ಲ, ನಾನೂ ನೋಡುತ್ತಿದ್ದೆ. ಆದರೂ ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಎರಡು ಸಲ ಬೆರಳಿನಿಂದ ತಟ್ಟಿದ. ‘ಯಾಕಪ್ಪಾ?’ ಎಂದೆ. ‘ಅಭ್ಯಾಸ ಮಾಮಾ. ಕುಳ್ಯಾಗ ಒಂದೊಂದು ಸಲ ಉಳಿದಿರ್ತದ.’

ನಾನು ಮಾತನಾಡಲಿಲ್ಲ. ಇಪ್ಪತ್ತೈದು ವರ್ಷ ಹಿಂದೆ ಹೋಗಿದ್ದೆ.

1991ರ ಮಳೆಗಾಲದ ಕೊನೆ. ಉಸ್ತಾದರ ಹಳೆಯ ಹಲಗೆಗೆ ಗೆದ್ದಲು ಹಿಡಿದಿತ್ತು. ಹೊಸದೊಂದನ್ನು ಮಾಡಿಸಿಕೊಟ್ಟವನು ನಾನು. ನಮ್ಮ ಓಣಿಯ ಬಡಿಗನ ಮುಂದೆ ನಿಂತು ನೂರು ಕುಳಿ ಕೊರೆಯಿಸಿದೆ. ಬೈರಿಗೆ ಎಲ್ಲ ಕಡೆ ಅರ್ಧ ಅಂಗುಲಕ್ಕಿಂತ ಕಡಿಮೆ ಇಳಿದಿತ್ತು. ಒಂದೇ ಒಂದು ಕಡೆ ಜಾರಿ ಒಂದು ಅಂಗುಲ ಇಳಿದದ್ದನ್ನು ಅವನೂ ಹೇಳಲಿಲ್ಲ, ನಾನೂ ನೋಡಲಿಲ್ಲ. ನೂರು ಕುಳಿ ಇವೆಯೇ ಎಂದು ಎಣಿಸಿದೆ, ಆಳವನ್ನು ಅಳೆಯಲಿಲ್ಲ.

ಅಂದು ನಲವತ್ತು ಹುಡುಗರು, ಇನ್ನೂರು ಗುಂಡು. ಹಿಂದಿನ ರಾತ್ರಿ ಮಳೆಯಾಗಿ ಬಯಲು ತೊಯ್ದಿತ್ತು, ಹೊರಗೆ ಬಿಟ್ಟಿದ್ದ ಹಲಗೆಯೂ ತೊಯ್ದಿತ್ತು. ಖೋಕಾ ಹೆಕ್ಕಿ ಹಲಗೆಯಲ್ಲಿ ನಿಲ್ಲಿಸುವ ಕೆಲಸವನ್ನು ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬನಿಗೆ ವಹಿಸಿದ್ದೆ. ಹುಮನಾಬಾದ ರಸ್ತೆಯ ಕಮಲಾಪುರದವನು, ಕೆಂಪು ಬಾಳೆಯ ತೋಟದಲ್ಲಿ ಕೂಲಿ ಮಾಡುವವರ ಮಗ. ಊರಿಗೆ ಹೋಗಿ ಬಂದಾಗಲೆಲ್ಲ ನನ್ನ ಮೇಜಿನ ಮೇಲೆ ಎರಡು ಹಣ್ಣು ಇಟ್ಟುಹೋಗುತ್ತಿದ್ದ. ಪೊಲೀಸು ಕೆಲಸಕ್ಕೆ ಸೇರಬೇಕೆಂಬ ಆಸೆ, ಎನ್.ಸಿ.ಸಿ.ಯ ‘ಸಿ’ ಪ್ರಮಾಣಪತ್ರ ಅದಕ್ಕೆ ನೆರವಾಗುತ್ತದೆಂದು ಒಂದು ಪರೇಡನ್ನೂ ತಪ್ಪಿಸುತ್ತಿರಲಿಲ್ಲ. ಕಲಬುರ್ಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದ. ಆ ಮಾವನದು ನಮ್ಮ ಸ್ಟೇಶನ್ ಬಜಾರಿನಲ್ಲಿ ಭಂಗಾರದ ಅಂಗಡಿ. ದಕ್ಷಿಣದವರು ಗುಜರಿ ಎನ್ನುವುದನ್ನೇ ನಮ್ಮ ಕಡೆ ಭಂಗಾರ ಎನ್ನುತ್ತಾರೆ; ಮಹಾಪ್ರಾಣವೊಂದು ಬಿದ್ದುಹೋದರೆ ಚಿನ್ನವಾಗುತ್ತದೆ.

ಹಲಗೆ ಒಂದು ಸಲ ತುಂಬಿತು, ನೂರು, ಚೀಲಕ್ಕೆ ಮಗುಚಿದರು. ಎರಡನೆಯ ಸಲ ತುಂಬಿತು. ಒಂದು ಕುಳಿ ಖಾಲಿ ಉಳಿಯಿತು. ನೂರಾ ತೊಂಬತ್ತೊಂಬತ್ತು.

ಹುಲ್ಲು ತಡವಿದೆವು. ಜಮಖಾನೆ ಕೊಡವಿದೆವು. ಬೂಟು ಬಿಚ್ಚಿಸಿದೆವು, ಬಂದೂಕಿನ ಗರ್ಭ ನೋಡಿದೆವು. ಯಾರೋ ಹಳೆಯ ರೇಡಿಯೋದ ಸ್ಪೀಕರಿನಿಂದ ಅಯಸ್ಕಾಂತ ತಂದರು; ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊತ್ತು ಮುಳುಗುತ್ತ ಬಂತು. ಆಗ ಗುಂಪಿನಲ್ಲಿ ಯಾರೋ ಮೆಲ್ಲಗೆ, ‘ಅವರ ಮಾವಂದು ಭಂಗಾರದ ಅಂಗಡಿ ಅದ’ ಎಂದರು. ಯಾರೆಂದರೆಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆ ಮಾತನ್ನು ಹಿಡಿದುಕೊಂಡವನು ಯಾರೆಂಬುದು ಗೊತ್ತು. ಅವನನ್ನು ಕರೆದು ಎಲ್ಲರೆದುರಿಗೆ ಅವನ ಜೇಬುಗಳಲ್ಲಿ ನಾನೇ ಕೈಹಾಕಿದೆ. ಕರವಸ್ತ್ರ, ಬಸ್ಸಿನ ಪಾಸು, ಒಂದು ಪೆನ್ನು. ‘ಸರ್, ನಾ ಎಲ್ಲಾ ಹಲಗ್ಯಾಗ ಹಾಕೀನ್ರಿ’ ಎಂದ. ಅಷ್ಟನ್ನೇ ಮೂರು ಸಲ ಎಂದ.

ಆ ರಾತ್ರಿ ಮೇಲಿನವರಿಗೆ ವರದಿ ಬರೆದೆ. ಕದ್ದನೆಂದು ಬರೆಯಲಿಲ್ಲ, ಅಷ್ಟು ಎಚ್ಚರ ನನಗಿತ್ತು. ‘ಖೋಕಾಗಳನ್ನು ಸಂಗ್ರಹಿಸುವ ಹೊಣೆಯನ್ನು ಇಂಥ ಕೆಡೆಟ್‌ಗೆ ವಹಿಸಲಾಗಿತ್ತು’ ಎಂದು ಬರೆದೆ. ಮಕ್ಕಳಿಗೆ ಕರ್ಮಣಿ ಪ್ರಯೋಗವನ್ನು ಕಲಿಸುತ್ತಿದ್ದವನು ನಾನು. ವಾಕ್ಯದಲ್ಲಿ ವಹಿಸಿದವನ ಹೆಸರಿಲ್ಲ, ಹೊತ್ತವನ ಹೆಸರಿದೆ. ವಾರದೊಳಗೆ ಆ ಹುಡುಗ ಪರೇಡಿಗೆ ಬರುವುದು ನಿಂತಿತು. ತಿಂಗಳೊಳಗೆ ತರಗತಿಗೆ ಬರುವುದೂ ನಿಂತಿತು. ಹಾಜರಿ ಕರೆಯುವಾಗ ಅವನ ಸಂಖ್ಯೆಗೆ ಉತ್ತರ ಬರದಿದ್ದಾಗ ನಾನು ಮುಂದಿನ ಸಂಖ್ಯೆ ಕರೆಯುತ್ತಿದ್ದೆ.

ನವೆಂಬರಿನಲ್ಲಿ ಮತ್ತೆ ಅಭ್ಯಾಸ. ನಡುವೆ ಆ ಹಲಗೆಯನ್ನು ಯಾರೂ ಮುಟ್ಟಿರಲಿಲ್ಲ. ಗೋಡೆಗೆ ಒರಗಿ ಬಿಸಿಲಿನಲ್ಲಿ ಚೆನ್ನಾಗಿ ಒಣಗಿತ್ತು. ಉಸ್ತಾದರು ಅದನ್ನು ಕೈಗೆ ತೆಗೆದುಕೊಂಡು ಧೂಳು ಹೋಗಲೆಂದು ಕಲ್ಲುಹಾಸಿಗೆ ಒಮ್ಮೆ ಬಡಿದರು. ಖೋಕಾ ಒಂದು ಹೊರಬಿದ್ದು ಎರಡು ಸಲ ಪುಟಿಯಿತು. ಆಳವಾದ ಆ ಕುಳಿಯಲ್ಲಿ ಮೊದಲನೆಯ ಖೋಕಾ ಪೂರ್ತಿ ಮುಳುಗಿ ಮರೆಯಾಗಿತ್ತು. ಕುಳಿ ಖಾಲಿಯೆಂದು ಹುಡುಗ ಅದರ ಮೇಲೆ ಇನ್ನೊಂದನ್ನು ನಿಲ್ಲಿಸಿದ್ದ. ಮಗುಚಿದಾಗ ಮೇಲಿನದು ಬಿತ್ತು. ತೊಯ್ದು ಉಬ್ಬಿದ ಮರ ಕೆಳಗಿನದನ್ನು ಕಚ್ಚಿ ಹಿಡಿದಿತ್ತು. ಮೊದಲ ಸಲದ ನೂರು ನೂರಾಒಂದಾಗಿತ್ತು. ಎಲ್ಲವನ್ನೂ ಹಲಗೆಯಲ್ಲಿಯೆ ಹಾಕಿದ್ದೇನೆಂದು ಅವನು ಮೂರು ಸಲ ಹೇಳಿದ್ದು ಅಕ್ಷರಶಃ ನಿಜ.

ಉಸ್ತಾದರು ನನ್ನ ಮುಖ ನೋಡಲಿಲ್ಲ. ಖೋಕಾವನ್ನು ಚೀಟಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಅಂದೇ ಅದನ್ನು ಕೋತಿಗೆ ಒಪ್ಪಿಸಿ ಎರಡನೆಯ ವರದಿ ಬರೆದೆ: ಕಾಣೆಯಾಗಿದ್ದ ಖೋಕಾ ದೊರೆತಿದೆ. ಆ ವರದಿಯಲ್ಲಿ ಅವನ ಹೆಸರು ಬರುವ ಪ್ರಸಂಗವೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಸ್ಟೇಶನ್ ಬಜಾರಿನ ಆ ಅಂಗಡಿಗೆ ಹೋದೆ. ಮಾವ ಹಳೆಯ ನಲ್ಲಿಗಳನ್ನು ತೂಗುತ್ತಿದ್ದ. ‘ಬರ್ರಿ ಸರ್’ ಎಂದು ಡಬ್ಬಿಯೊಂದನ್ನು ಒರೆಸಿ ಕೂಡಲು ಕೊಟ್ಟ. ನಡೆದುದನ್ನು ಹೇಳಿದೆ. ಆತ ತೂಗುವುದನ್ನು ನಿಲ್ಲಿಸಲಿಲ್ಲ. ಕೊನೆಗೆ, ‘ಸರ್, ಒಂದು ಖೋಕಾ ಎಷ್ಟು ತೂಕ ಬರ್ತದ್ರಿ?’ ಎಂದು ಕೇಳಿದ. ಒಂದು ಗ್ರಾಮಿನ ಮೂರರಲ್ಲಿ ಎರಡು ಪಾಲು ಎಂದೆ. ಮನಸ್ಸಿನಲ್ಲೇ ಲೆಕ್ಕ ಹಾಕಿದ. ‘ಅಂದ್ರ ಕಿಲೋಕ್ಕ ಸಾವಿರದೈನೂರು ಬೇಕು. ನಿಮ್ಮ ದಂಡೆಲ್ಲಾ ದಿನಾ ಹೊಡದ್ರೂ ನನಗ ಒಂದು ಚಹಾ ಆಗಂಗಿಲ್ರಿ.’ ಆತನ ದನಿಯಲ್ಲಿ ಸಿಟ್ಟಿರಲಿಲ್ಲ. ಹುಡುಗ ಎಲ್ಲಿ ಎಂದೆ. ಸೋಲಾಪುರಕ್ಕೆ ಕೆಲಸಕ್ಕೆ ಹೋಗಿದ್ದಾನೆ, ಬರುವುದಿಲ್ಲವೆನ್ನುತ್ತಾನೆ ಎಂದ. ‘ಅವನಿಗಿ ಬ್ಯಾಡ್ರಿ. ಕಮಲಾಪುರದಾಗ ಅವರಪ್ಪಗ ಹುಡುಗ ಕಳ್ಳತನ ಮಾಡ್ಯಾನಂತ ಸುದ್ದಿ ಮುಟ್ಟ್ಯಾದ. ಆ ಮನುಷ್ಯಾಗ ಒಂದು ಚೀಟಿ ಬರಕೊಡ್ರಿ.’

ರಸೀತಿ ಪುಸ್ತಕದ ಹಾಳೆ ಹರಿದು ಕೊಟ್ಟ. ಅದರ ಬೆನ್ನಿಗೆ ಬರೆದೆ. ಮೂರು ಹಾಳೆ ಹಾಳಾದವು, ನಾಲ್ಕನೆಯದು ಪರವಾಗಿಲ್ಲವೆನಿಸಿತು. ‘ಓದ್ರಿ’ ಎಂದ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಓದಿದೆ. ‘ತಮ್ಮ ಮಗನ ಮೇಲೆ ಸಂಶಯ ಬಂದಿತ್ತು, ಅದು ಸುಳ್ಳೆಂದು ಈಗ ತಿಳಿದಿದೆ’ ಎಂಬಲ್ಲಿಗೆ ಬಂದಾಗ ಮಾವ ತಕ್ಕಡಿಯನ್ನು ಕೆಳಗಿಟ್ಟ.

‘ಯಾರಿಗಿ ಬಂದಿತ್ರಿ?’

ಪೆನ್ನು ತೆಗೆದು, ಸಾಲಿನ ಮೇಲೆ ಚಿಕ್ಕ ಗುರುತು ಹಾಕಿ, ‘ನನಗೆ’ ಎಂದು ಸೇರಿಸಿದೆ. ಆತ ಚೀಟಿಯನ್ನು ನಾಲ್ಕಾಗಿ ಮಡಿಚಿ, ಅಂಗಡಿಯ ಹುಡುಗನನ್ನು ಕರೆದು, ಐದು ಗಂಟೆಯ ಕಮಲಾಪುರದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟು ಬಾ ಎಂದು ಕಳಿಸಿದ.